ಪಟ್ಟಿಯಲ್ಲಿ ಕಲಿತ ಪದ ಬಾಯಿಗೆ ಬರುವುದಿಲ್ಲ ಏಕೆ?

ಪ್ರಶ್ನೆ: ಮೇಡಂ, ನನಗೆ ಇಪ್ಪತ್ತಾರು ವರ್ಷ. ರಾಣೆಬೆನ್ನೂರು ಕಡೆಯ ಹಳ್ಳಿಯವಳು. ಪಿಯುಸಿವರೆಗೂ ಕನ್ನಡ ಮಾಧ್ಯಮ, ಆಮೇಲೆ ಬಿ.ಕಾಂ. ಎರಡು ವರ್ಷದಿಂದ ಬೆಂಗಳೂರಿನ ಒಂದು ಕಂಪನಿಯಲ್ಲಿ ಬಿಲ್ಲಿಂಗ್ ಕೆಲಸದಲ್ಲಿದ್ದೇನೆ. ಲೆಕ್ಕದಲ್ಲಿ ನನ್ನಿಂದ ತಪ್ಪಾಗುವುದಿಲ್ಲ, ಆದರೆ ಇಂಗ್ಲಿಷ್‌ನಲ್ಲಿ ಮೇಲ್ ಬರೆಯಬೇಕೆಂದರೆ ಕೈಕಾಲು ಆಡುವುದಿಲ್ಲ. ಅದಕ್ಕೇ ಒಂದು ಪುಸ್ತಕ ಕೊಂಡು ದಿನಕ್ಕೆ ಇಪ್ಪತ್ತು ಪದಗಳನ್ನು ಕನ್ನಡ ಅರ್ಥದ ಸಮೇತ ಬಾಯಿಪಾಠ ಮಾಡುತ್ತಿದ್ದೇನೆ. ಭಾನುವಾರ ನೋಡಿಕೊಂಡರೆ ಮುಕ್ಕಾಲು ಪಾಲು ಮರೆತಿರುತ್ತದೆ. ನೆನಪಿದ್ದದ್ದನ್ನು ಬಳಸಿದರೆ ತಪ್ಪಾಗುತ್ತದೆ. ಮೊನ್ನೆ ತಿಂಗಳ ಕೊನೆಯ ಕೆಲಸ ಮುಗಿಸಲೆಂದು ಊಟಕ್ಕೆ ಏಳಲಿಲ್ಲ. ‘ಐ ಅಬ್ಯಾಂಡನ್ಡ್ ಮೈ ಲಂಚ್’ ಎಂದು ಆಫೀಸಿನ ಗ್ರೂಪಿಗೆ ಮೆಸೇಜ್ ಹಾಕಿದೆ. ಅಬ್ಯಾಂಡನ್ ಎಂದರೆ ‘ಬಿಟ್ಟುಬಿಡು’ ಎಂದೇ ಪುಸ್ತಕದಲ್ಲಿದೆ. ಎಲ್ಲರೂ ನಕ್ಕರು. ಇವತ್ತಿಗೂ ಊಟದ ಹೊತ್ತಿಗೆ ಅದನ್ನೇ ಹೇಳಿ ರೇಗಿಸುತ್ತಾರೆ. ನನ್ನ ನೆನಪಿನ ಶಕ್ತಿಯೇ ಸರಿಯಿಲ್ಲವೇ? ಈ ವಯಸ್ಸಿನಲ್ಲಿ ಇನ್ನು ಇಂಗ್ಲಿಷ್ ಬರುತ್ತದೆಯೇ? ಇಪ್ಪತ್ತು ಸಾವಿರ ಕಟ್ಟಿ ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ಸೇರಲೇ?
— ಹೆಸರು ಬೇಡ, ಬೆಂಗಳೂರು

ಉತ್ತರ: ನಿಮ್ಮ ನೆನಪಿನ ಶಕ್ತಿಗೆ ಏನೂ ಆಗಿಲ್ಲ. ಯಾವ ಗ್ರಾಹಕರ ಯಾವ ಬಿಲ್ಲು ಎಲ್ಲಿ ನಿಂತಿದೆ ಎಂದು ತಲೆಯಲ್ಲಿ ಇಟ್ಟುಕೊಂಡು ಕೆಲಸ ಮಾಡುವವರು ನೀವು. ಪಟ್ಟಿಯಲ್ಲಿ ಓದಿದ ಪದ ವಾರದೊಳಗೆ ಮಾಯವಾಗುವುದು ಎಲ್ಲರಿಗೂ ಆಗುವಂಥದ್ದೇ. ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ 1885ರಷ್ಟು ಹಿಂದೆಯೇ ಇದನ್ನು ಅಳೆದು ನೋಡಿದ್ದರು. ಅರ್ಥವೇ ಇಲ್ಲದ ಅಕ್ಷರಗುಚ್ಛಗಳನ್ನು ತಾವೇ ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆಯುತ್ತದೆ ಎಂದು ಲೆಕ್ಕ ಇಟ್ಟರು. ಒಂದು ಗಂಟೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೋಗಿತ್ತು, ಒಂದು ದಿನ ಕಳೆಯುವಷ್ಟರಲ್ಲಿ ಸುಮಾರು ಮೂರನೇ ಎರಡು ಪಾಲು. ಅವರೇ ಬೈರನ್ ಕವಿಯ ಪದ್ಯಗಳನ್ನು ಕಲಿಯಲು ಹೊರಟಾಗ ಸರಿಸುಮಾರು ಹತ್ತನೇ ಒಂದು ಪಾಲು ಶ್ರಮ ಸಾಕಾಯಿತು. ಪದ್ಯದಲ್ಲಿ ಒಂದು ಮಾತಿಗೆ ಇನ್ನೊಂದು ಮಾತು ಅಂಟಿಕೊಂಡಿರುತ್ತದೆ, ಅದಕ್ಕೇ ಮನಸ್ಸು ಹಿಡಿದುಕೊಳ್ಳುತ್ತದೆ. ನಿಮ್ಮ ಪುಸ್ತಕದ ಇಪ್ಪತ್ತು ಪದಗಳಿಗೆ ಒಂದಕ್ಕೊಂದು ಯಾವ ಸಂಬಂಧವೂ ಇಲ್ಲ, ಅಕಾರಾದಿಯಲ್ಲಿ ಅಕ್ಕಪಕ್ಕ ಬಂದಿವೆ ಎನ್ನುವುದನ್ನು ಬಿಟ್ಟರೆ.

ಇನ್ನೊಂದು ವಿಷಯ ನಿಮ್ಮ ಗಮನಕ್ಕೇ ಬಂದಿಲ್ಲ. ‘ಚಾರ್ಜ್’ ಎಂಬ ಇಂಗ್ಲಿಷ್ ಪದವನ್ನೇ ತೆಗೆದುಕೊಳ್ಳಿ. ಫೋನ್ ಚಾರ್ಜಿಗೆ ಹಾಕುತ್ತೀರಿ. ಬಸ್ ಚಾರ್ಜ್ ಜಾಸ್ತಿ ಆಯಿತು ಎನ್ನುತ್ತೀರಿ. ಹೊಸ ತಹಶೀಲ್ದಾರರು ಚಾರ್ಜ್ ತಗೊಂಡರು, ಪೊಲೀಸರು ಚಾರ್ಜ್‌ಶೀಟ್ ಹಾಕಿದರು, ಮೆರವಣಿಗೆಯಲ್ಲಿ ಲಾಠಿ ಚಾರ್ಜ್ ಆಯಿತು, ನಿಮ್ಮೂರ ಶಾಲೆಗೆ ಇನ್‌ಚಾರ್ಜ್ ಹೆಡ್‌ಮಾಸ್ಟರ್ ಬಂದರು. ಒಂದೇ ಪದ, ಐದಾರು ಬೇರೆ ಬೇರೆ ಬಳಕೆ. ಒಂದರಲ್ಲೂ ನೀವು ತಡವರಿಸುವುದಿಲ್ಲ. ಲಾಠಿ ಚಾರ್ಜ್ ಎಂದಾಗ ನಿಮಗೆ ಮೊಬೈಲ್ ನೆನಪಾಗುವುದಿಲ್ಲ. ಇದನ್ನು ನಿಮಗೆ ಯಾವ ಪುಸ್ತಕ ಕಲಿಸಿತು? ಯಾವುದೂ ಇಲ್ಲ. ಬಸ್ಸಿನಲ್ಲಿ, ಟಿವಿಯಲ್ಲಿ, ಶಾಲೆಯಲ್ಲಿ, ಪಂಚಾಯಿತಿ ಕಟ್ಟೆಯಲ್ಲಿ ಆ ಪದ ಬೇರೆ ಬೇರೆ ವೇಳೆಗೆ ಬೇರೆ ಬೇರೆ ಕೆಲಸ ಮಾಡುವುದನ್ನು ಕೇಳುತ್ತಾ ಬಂದಿರಿ. ಕನ್ನಡವನ್ನು ಕಲಿತದ್ದೂ ಹಾಗೆಯೇ. ಬಸ್ ಹಿಡಿಯುತ್ತೇವೆ, ಕೊಡೆ ಹಿಡಿಯುತ್ತೇವೆ, ಮಗು ಹಟ ಹಿಡಿಯುತ್ತದೆ, ಕಬ್ಬಿಣ ತುಕ್ಕು ಹಿಡಿಯುತ್ತದೆ, ಕೆಲಸಕ್ಕೆ ಎರಡು ತಾಸು ಹಿಡಿಯುತ್ತದೆ. ‘ಹಿಡಿ’ ಎಂಬುದಕ್ಕೆ ಇಷ್ಟೆಲ್ಲ ಅರ್ಥ ಉಂಟೆಂದು ನಿಮ್ಮ ತಾಯಿ ಬರೆದುಕೊಟ್ಟಿರಲಿಲ್ಲ.

ಈಗ ನಿಮ್ಮನ್ನು ನೋಯಿಸಿದ ಪದಕ್ಕೆ ಬರೋಣ. 2025ರ ಮೇ 17ರಂದು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಆರ್‌ಸಿಬಿ ಮತ್ತು ಕೋಲ್ಕತ್ತ ತಂಡದ ಪಂದ್ಯ ಮಳೆಯಿಂದಾಗಿ ಒಂದು ಎಸೆತವನ್ನೂ ಕಾಣಲಿಲ್ಲ. ಇಂಥ ಪಂದ್ಯದ ಸ್ಕೋರ್‌ಕಾರ್ಡಿನಲ್ಲಿ ‘ಮ್ಯಾಚ್ ಅಬ್ಯಾಂಡನ್ಡ್’ ಎಂದು ಬರೆಯುತ್ತಾರೆ. ಟಾಸ್ ಕೂಡ ಆಗಿರಲಿಲ್ಲ, ನಿಜ. ಆದರೆ ಎಲ್ಲ ಸಿದ್ಧವಾಗಿತ್ತು, ಜನ ಸೇರಿ ಕಾದಿದ್ದರು, ಇನ್ನು ಸಾಧ್ಯವಿಲ್ಲ ಎಂದಾಗ ಕೈಬಿಟ್ಟರು. ರಸ್ತೆ ಬದಿಯಲ್ಲಿ ವರ್ಷಗಟ್ಟಲೆ ದೂಳು ತಿನ್ನುತ್ತಾ ನಿಂತ, ಯಾರೂ ಕೇಳದ ಕಾರನ್ನು ಇಂಗ್ಲಿಷ್ ಪತ್ರಿಕೆ ‘ಅಬ್ಯಾಂಡನ್ಡ್ ವೆಹಿಕಲ್’ ಎನ್ನುತ್ತದೆ. ನೀರು ಬತ್ತಿ ಹಾಗೇ ಬಿಟ್ಟ ಕೊಳವೆಬಾವಿ ‘ಅಬ್ಯಾಂಡನ್ಡ್ ಬೋರ್‌ವೆಲ್’. ಆಸ್ಪತ್ರೆಯ ಮೆಟ್ಟಿಲ ಮೇಲೆ ಯಾರೋ ಮಲಗಿಸಿ ಹೋದ ಕೂಸಿಗೂ ಇದೇ ಪದ. ಈ ನಾಲ್ಕನ್ನೂ ಒಟ್ಟಿಗೆ ನೋಡಿ. ಎಲ್ಲದರ ಹಿಂದೆಯೂ ಒಂದು ಹೊಣೆ ಇತ್ತು, ಇಲ್ಲವೇ ಒಂದು ನಂಟು, ಒಂದು ಸಂಕಲ್ಪ ಇತ್ತು. ಅದನ್ನು ಪೂರ್ತಿ ಕೈಬಿಟ್ಟದ್ದಾಯಿತು. ಒಂದು ಹೊತ್ತಿನ ಊಟ ತಪ್ಪಿಸಿದ್ದಕ್ಕೆ ಇಷ್ಟು ಭಾರದ ಪದ ಹೊಂದುವುದಿಲ್ಲ, ಅಲ್ಲಿಗೆ ‘ಸ್ಕಿಪ್ಡ್’ ಸಾಕು. ಆದರೆ ನೀವು ಡಬ್ಬಿ ಬಿಚ್ಚಿ ಎರಡು ತುತ್ತು ತಿಂದಿದ್ದಾಗ ಬೆಂಕಿಯ ಸೈರನ್ ಕೂಗಿ, ಎಲ್ಲ ಹಾಗೇ ಬಿಟ್ಟು ಹೊರಗೆ ಓಡಿದ್ದರೆ ನಿಮ್ಮ ವಾಕ್ಯ ಅಕ್ಷರಶಃ ಸರಿ. ವಾಕ್ಯದ ರಚನೆ ಸರಿಯಿತ್ತು, ಕ್ರಿಯಾಪದದ ಕಾಲ ಸರಿಯಿತ್ತು. ಪದದ ಪರಿಚಯ ಒಂದೇ ಕಡೆ ಆಗಿತ್ತು, ಅಷ್ಟೇ.

ಹಾಗೆಂದು ಪಟ್ಟಿಯ ಪುಸ್ತಕವನ್ನು ರದ್ದಿಗೆ ಹಾಕಿ ಎಂದು ನಾನು ಹೇಳುವುದಿಲ್ಲ. ಕನ್ನಡ ಅರ್ಥದೊಂದಿಗೆ ಒಂದು ಪದವನ್ನು ಮೊದಲು ಗುರುತು ಮಾಡಿಕೊಳ್ಳುವುದು ಒಳ್ಳೆಯ ಆರಂಭವೇ. ತೊಂದರೆ ಇರುವುದು ಅಲ್ಲಿಗೇ ನಿಲ್ಲಿಸುವುದರಲ್ಲಿ. ಸ್ಟುವರ್ಟ್ ವೆಬ್ ಎಂಬ ಭಾಷಾ ಸಂಶೋಧಕರು ಜಪಾನಿನ ವಿದ್ಯಾರ್ಥಿಗಳಿಗೆ ಹೊಸ ಪದಗಳನ್ನು ವಾಕ್ಯಗಳಲ್ಲಿ ಒಂದು, ಮೂರು, ಏಳು, ಹತ್ತು ಸಲ ಎದುರಾಗುವಂತೆ ಮಾಡಿ, 2007ರಲ್ಲಿ ಫಲಿತಾಂಶ ಪ್ರಕಟಿಸಿದರು. ಭೇಟಿ ಹೆಚ್ಚಿದಷ್ಟೂ ತಿಳಿವಳಿಕೆ ಹೆಚ್ಚುತ್ತಾ ಹೋಯಿತು. ಪದವೊಂದು ಪೂರ್ತಿ ಕೈವಶವಾಗಲು ಹತ್ತು ಸಲವೂ ಸಾಲದಿರಬಹುದು ಎಂದು ಅವರು ಕಂಡುಕೊಂಡರು. ನೀವು ಒಂದೇ ರಾತ್ರಿ ನೋಡಿ, ಮರುದಿನ ಹೊಸ ಇಪ್ಪತ್ತಕ್ಕೆ ಹೋಗುತ್ತಿದ್ದೀರಿ. ದಿನಕ್ಕೆ ಐದೇ ಪದ ಸಾಕು, ಆದರೆ ಆ ಐದು ಮತ್ತೆ ಮತ್ತೆ ಕಣ್ಣಿಗೆ ಬೀಳಬೇಕು, ಬೇರೆ ಬೇರೆ ಜಾಗದಲ್ಲಿ.

ಅಂಥ ಜಾಗ ಎಲ್ಲಿ ಸಿಗುತ್ತದೆ ಎಂದರೆ, ಮೊದಲನೆಯದು ನಿಮ್ಮ ಕಂಪ್ಯೂಟರಿನಲ್ಲೇ ಇದೆ. ಎರಡು ವರ್ಷದ ಆಫೀಸ್ ಮೇಲ್‌ಗಳು! ಅದಕ್ಕಿಂತ ಒಳ್ಳೆಯ ಪಠ್ಯಪುಸ್ತಕವನ್ನು ನಿಮಗೆ ಯಾರೂ ಕೊಡಲಾರರು. ಸರ್ಚ್ ಜಾಗದಲ್ಲಿ ‘ಔಟ್‌ಸ್ಟ್ಯಾಂಡಿಂಗ್’ ಎಂದು ಹಾಕಿ ಒತ್ತಿ. ನಿಮ್ಮ ಪುಸ್ತಕ ಇದಕ್ಕೆ ‘ಅತ್ಯುತ್ತಮ’ ಎಂದಿರಬಹುದು. ನಿಮ್ಮ ಮೇಲ್‌ಗಳಲ್ಲಿ ಅದು ಅಮೌಂಟ್, ಬ್ಯಾಲೆನ್ಸ್, ಇನ್‌ವಾಯ್ಸ್‌ಗಳ ಪಕ್ಕದಲ್ಲಿ ನಿಂತು ‘ಬಾಕಿ’ ಎನ್ನುತ್ತಿರುತ್ತದೆ. ಮ್ಯಾನೇಜರ್ ಯಾರನ್ನೋ ಅಭಿನಂದಿಸಿದ ಮೇಲ್‌ನಲ್ಲಿ ಮಾತ್ರ ‘ಅತ್ಯುತ್ತಮ’ ಆಗಿರುತ್ತದೆ. ಹತ್ತು ವಾಕ್ಯ ಸಾಲಾಗಿ ಓದಿ, ಆ ಪದದ ಹಿಂದೆ ಏನಿದೆ, ಮುಂದೆ ಏನಿದೆ ನೋಡಿ. ನಂತರ ‘ರಿವೈಸ್ಡ್’, ‘ಕ್ಲಾರಿಫೈ’, ‘ಫಾರ್ವರ್ಡ್’ ಹುಡುಕಿ. ದೊಡ್ಡ ನಿಘಂಟುಕಾರರೂ ಮಾಡಿದ್ದು ಇದನ್ನೇ. ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿ ಜಾನ್ ಸಿಂಕ್ಲೇರ್ ಮತ್ತು ಅವರ ಸಂಗಡಿಗರು ಲಕ್ಷಗಟ್ಟಲೆ ನಿಜವಾದ ವಾಕ್ಯಗಳನ್ನು ಕಂಪ್ಯೂಟರಿಗೆ ತುಂಬಿ, ಒಂದೊಂದು ಪದವೂ ಎಲ್ಲೆಲ್ಲಿ ಬರುತ್ತದೆ ಎಂದು ಸಾಲುಸಾಲಾಗಿ ನೋಡಿ, 1987ರಲ್ಲಿ ಕೋಬಿಲ್ಡ್ ನಿಘಂಟು ತಂದರು. ಅದರಲ್ಲಿ ಅರ್ಥವನ್ನೂ ಪೂರ್ತಿ ವಾಕ್ಯದಲ್ಲೇ ಹೇಳಿರುತ್ತಾರೆ.

ಎರಡನೆಯದು ಪತ್ರಿಕೆ. ಇಲ್ಲಿ ಒಂದು ಎಚ್ಚರಿಕೆ. ‘ಇಂಗ್ಲಿಷ್ ಪೇಪರಿನ ಸಂಪಾದಕೀಯ ಓದು’ ಎಂದು ಎಲ್ಲರೂ ಹೇಳುತ್ತಾರೆ. ಈಗ ಬೇಡ. ನ್ಯೂಜಿಲೆಂಡಿನ ಪಾಲ್ ನೇಷನ್ ಅವರ 2006ರ ಲೆಕ್ಕದ ಪ್ರಕಾರ ಪತ್ರಿಕೆ, ಕಾದಂಬರಿಗಳನ್ನು ಯಾರ ನೆರವೂ ಇಲ್ಲದೆ ಓದಲು 8,000ದಿಂದ 9,000 ಪದಕುಟುಂಬಗಳು ಗೊತ್ತಿರಬೇಕು. ಅಂದರೆ ಐವತ್ತು ಪದಕ್ಕೆ ಒಂದು ಮಾತ್ರ ಗೊತ್ತಿಲ್ಲದ್ದಾಗಿರಬೇಕು. ಆಗ ಆ ಒಂದನ್ನು ಅಕ್ಕಪಕ್ಕದ ಮಾತಿನಿಂದ ಊಹಿಸಬಹುದು. ಸಾಲಿಗೆ ಮೂರು ಹೊಸ ಪದ ಬಂದರೆ ಊಹಿಸಲು ಆಧಾರವೇ ಇರುವುದಿಲ್ಲ, ಅಳು ಬರುತ್ತದೆ ಅಷ್ಟೇ. ಅದರ ಬದಲು ಹೀಗೆ ಮಾಡಿ: ನಿಮಗೆ ನಿಜವಾಗಿ ಆಸಕ್ತಿಯಿರುವ ಒಂದು ಸುದ್ದಿಯನ್ನು ಮೊದಲು ಕನ್ನಡ ಪತ್ರಿಕೆಯಲ್ಲಿ ಓದಿ. ಕ್ರಿಕೆಟ್ ಇರಲಿ, ಚಿನ್ನದ ದರ ಇರಲಿ, ಬ್ಯಾಡಗಿ ಮಾರುಕಟ್ಟೆಯ ಮೆಣಸಿನಕಾಯಿ ಇರಲಿ. ಆಮೇಲೆ ಅದೇ ಸುದ್ದಿಯನ್ನು ಎರಡು ಇಂಗ್ಲಿಷ್ ಪತ್ರಿಕೆಗಳಲ್ಲಿ ಓದಿ. ಏನು ನಡೆಯಿತು ಎಂದು ನಿಮಗೆ ಮೊದಲೇ ಗೊತ್ತು, ಹಾಗಾಗಿ ಗಮನವೆಲ್ಲ ಪದದ ಮೇಲೆ ನಿಲ್ಲುತ್ತದೆ. ಒಂದು ಪತ್ರಿಕೆ ದರ ‘ಡ್ರಾಪ್ಡ್’ ಎಂದರೆ ಇನ್ನೊಂದು ‘ಸ್ಲಂಪ್ಡ್’ ಎಂದಿರುತ್ತದೆ. ಎರಡೂ ‘ಇಳಿಯಿತು’. ಎರಡನೆಯದರಲ್ಲಿ ಬೆಳೆಗಾರನ ಎದೆ ಧಸಕ್ಕೆನ್ನುವಷ್ಟು ಇಳಿದಿದೆ ಎಂದು ನಿಮಗೇ ಹೊಳೆಯುತ್ತದೆ. ಒಂದೇ ವಿಷಯವನ್ನು ಒಂದು ತಿಂಗಳು ಬಿಡದೆ ಹಿಂಬಾಲಿಸಿ. ಅವೇ ಪದಗಳು ತಾವಾಗಿ ಮರಳಿ ಬರುತ್ತವೆ.

ಕಥೆ ಓದುವ ಮನಸ್ಸಿದ್ದರೆ ನಮ್ಮ ಮೈಸೂರಿನ ಆರ್.ಕೆ. ನಾರಾಯಣರಿಂದ ಶುರು ಮಾಡಿ. ‘ಸ್ವಾಮಿ ಅಂಡ್ ಫ್ರೆಂಡ್ಸ್’ 1935ರಲ್ಲಿ ಬಂದದ್ದು, ಆದರೂ ಭಾಷೆ ತಿಳಿ. ಶಂಕರ್‌ನಾಗ್ ಆಗುಂಬೆಯಲ್ಲಿ ಚಿತ್ರೀಕರಿಸಿದ ‘ಮಾಲ್ಗುಡಿ ಡೇಸ್’ ಧಾರಾವಾಹಿ ನೋಡಿದ್ದರಂತೂ ಅಜ್ಜಿ, ಶಾಲೆ, ಕ್ರಿಕೆಟ್ ತಂಡ ಎಲ್ಲ ಕಣ್ಣ ಮುಂದೆಯೇ ಇರುತ್ತವೆ. ಗೊತ್ತಿಲ್ಲದ ಪದ ಬಂದ ಕೂಡಲೇ ನಿಘಂಟಿಗೆ ಓಡಬೇಡಿ. ಊಹಿಸಿ, ಪುಟ ಮುಗಿಸಿ, ಆಮೇಲೆ ನೋಡಿ. ನೋಡುವುದನ್ನು ಮಾತ್ರ ಬಿಡಬೇಡಿ, ಊಹೆ ಎಷ್ಟೋ ಸಲ ತಪ್ಪಿರುತ್ತದೆ. ಆಕ್ಸ್‌ಫರ್ಡಿನ ಲರ್ನರ್ಸ್ ಡಿಕ್ಷನರಿ ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತದೆ. ಜಪಾನಿನಲ್ಲಿ ಪಾಠ ಹೇಳುತ್ತಿದ್ದ ಎ.ಎಸ್. ಹಾರ್ನ್‌ಬಿ ಅದನ್ನು ರೂಪಿಸಿದ್ದು ನಿಮ್ಮಂತೆ ಇಂಗ್ಲಿಷನ್ನು ಹೊರಗಿನಿಂದ ಕಲಿಯುವವರಿಗಾಗಿಯೇ. ಅದರಲ್ಲಿ ಅರ್ಥಕ್ಕಿಂತ ಉದಾಹರಣೆ ವಾಕ್ಯಗಳನ್ನು ಮೊದಲು ಓದಿ.

ನೋಟ್‌ಬುಕ್ಕನ್ನೂ ಬದಲಿಸಿ. ಎಡಕ್ಕೆ ಇಂಗ್ಲಿಷ್, ಬಲಕ್ಕೆ ಕನ್ನಡ ಎಂಬ ಗೆರೆ ಬೇಡ. ಪದ ಸಿಕ್ಕ ಪೂರ್ತಿ ವಾಕ್ಯವನ್ನು ಬರೆದು, ಕೆಳಗೆ ಅರ್ಧ ಪುಟ ಖಾಲಿ ಬಿಡಿ. ಅದೇ ಪದ ಮತ್ತೊಂದು ಕಡೆ ಸಿಕ್ಕಾಗ ಆ ವಾಕ್ಯವನ್ನೂ ಅಲ್ಲೇ ಸೇರಿಸಿ. ಮೂರು ವಾಕ್ಯ ತುಂಬಿದ ಮೇಲೆ ನಾಲ್ಕನೆಯದನ್ನು ನಿಮ್ಮ ಕೆಲಸದ ಬಗ್ಗೆ ನೀವೇ ಬರೆಯಿರಿ. ಅಲ್ಲಿಯವರೆಗೂ ಆ ಪದವನ್ನು ಮೇಲ್‌ನಲ್ಲಿ ಬಳಸದಿದ್ದರೂ ನಡೆಯುತ್ತದೆ. ಓದಿದರೆ ಅರ್ಥವಾಗುವ ಪದಗಳು ಬಳಸುವ ಪದಗಳಿಗಿಂತ ಹೆಚ್ಚಿರುವುದು ಎಲ್ಲ ಭಾಷೆಯಲ್ಲೂ, ಎಲ್ಲರಿಗೂ ಸಹಜ.

ವಯಸ್ಸಿನ ಚಿಂತೆ ಬಿಡಿ. ಉಚ್ಚಾರಣೆಯಲ್ಲಿ ಮಕ್ಕಳಿಗೆ ಅನುಕೂಲ ಹೆಚ್ಚಿರಬಹುದು, ಪದಸಂಪತ್ತು ಮಾತ್ರ ಓದುವವರಿಗೆ ಯಾವ ವಯಸ್ಸಿನಲ್ಲೂ ಬೆಳೆಯುತ್ತದೆ. ರೇಗಿಸುವವರ ಮಾತು ನನಗೂ ಬೇಸರ ತಂದಿತು. ಅವರಲ್ಲಿ ಒಬ್ಬರಾದರೂ ನಿಮ್ಮ ಮೇಲೆ ವಿಶ್ವಾಸ ಇಟ್ಟವರು ಇರುತ್ತಾರೆ. ಅವರನ್ನು ಪಕ್ಕಕ್ಕೆ ಕರೆದು, ‘ಆ ಮಾತು ಇನ್ನು ಸಾಕು, ನನಗೆ ನೋವಾಗುತ್ತದೆ. ನನ್ನ ಮೇಲ್‌ನಲ್ಲಿ ತಪ್ಪು ಕಂಡರೆ ನನಗೊಬ್ಬಳಿಗೇ ಹೇಳಿ’ ಎಂದು ನೇರವಾಗಿ ಕೇಳಿ. ಕಲಿಯುವವರನ್ನು ನೋಡಿ ನಗುವುದು ಸಣ್ಣ ತಪ್ಪಲ್ಲ, ನೀವು ಅದನ್ನು ಸಹಿಸಿಕೊಳ್ಳಬೇಕಾಗಿಲ್ಲ.

ಇನ್ನು ಇಪ್ಪತ್ತು ಸಾವಿರದ ಕ್ಲಾಸು. ಮೂರು ತಿಂಗಳು ತಡೆಯಿರಿ, ಮೇಲೆ ಹೇಳಿದ್ದನ್ನು ಮಾಡಿ ನೋಡಿ. ಆಮೇಲೂ ಮಾತಾಡಲು ಜೊತೆ ಬೇಕೆನ್ನಿಸಿದರೆ ಸೇರಬಹುದು, ಆದರೆ ದುಡ್ಡು ಕಟ್ಟುವ ಮೊದಲು ಒಂದು ದಿನ ತರಗತಿಯಲ್ಲಿ ಕೂರಲು ಬಿಡಿ ಎಂದು ಕೇಳಿ. 1979ರಿಂದ 1984ರವರೆಗೆ ಎನ್.ಎಸ್. ಪ್ರಭು ಅವರು ದಕ್ಷಿಣ ಭಾರತದ ಶಾಲೆಗಳಲ್ಲಿ ಒಂದು ಪ್ರಯೋಗ ನಡೆಸಿದರು. ಜಗತ್ತಿನ ಭಾಷಾ ಶಿಕ್ಷಕರೆಲ್ಲ ಅದನ್ನು ‘ಬ್ಯಾಂಗಲೋರ್ ಪ್ರಾಜೆಕ್ಟ್’ ಎಂದೇ ಕರೆಯುತ್ತಾರೆ. ಮಕ್ಕಳಿಗೆ ರೈಲಿನ ವೇಳಾಪಟ್ಟಿ, ನಕ್ಷೆಗಳನ್ನು ಕೊಟ್ಟು, ಇಂಗ್ಲಿಷ್‌ನಲ್ಲೇ ಲೆಕ್ಕ ಬಿಡಿಸುವಂತೆ ಮಾಡುತ್ತಿದ್ದರು. ನೀವು ನೋಡಿದ ಕ್ಲಾಸಿನಲ್ಲಿ ಅಂಥ ಕೆಲಸ ಕೊಟ್ಟು ಮಾತಾಡಿಸುತ್ತಿದ್ದರೆ, ನಿಮ್ಮ ಆಫೀಸಿನ ಮೇಲ್ ತಂದು ತಿದ್ದಿಸಿಕೊಳ್ಳಲು ಅವಕಾಶವಿದ್ದರೆ ಸೇರಿ. ಬೋರ್ಡಿನ ಮೇಲೆ ಪದಪಟ್ಟಿ ಬರೆದು ಒಟ್ಟಿಗೆ ಓದಿಸುತ್ತಿದ್ದರೆ ದುಡ್ಡು ಉಳಿಸಿಕೊಳ್ಳಿ, ಆ ಪಟ್ಟಿ ನಿಮ್ಮ ಹತ್ತಿರ ಆಗಲೇ ಇದೆ.