ಬಚ್ಚಲು ಕಟ್ಟಿಕೊಂಡರೆ

ಯುಗಾದಿಯ ಮಾರನೆಯ ದಿನ. ನಮ್ಮ ಬೀದಿಯ ಮೂಲೆಮನೆಯಲ್ಲಿ ಗದ್ದಲ. ಅಡುಗೆಮನೆಯ ಸಿಂಕಿನಲ್ಲಿ ನೀರು ನಿಂತಿದೆ. ಪಾತ್ರೆ ತೊಳೆಯೋ ಹಾಗಿಲ್ಲ. ಬಚ್ಚಲಿಗೆ ಕಾಲಿಟ್ಟರೆ ಪಾದ ಮುಳುಗುವಷ್ಟು ನೀರು. ಕೆಟ್ಟ ವಾಸನೆ ಬೇರೆ.

ಮೂಲೆಮನೆ ಅಕ್ಕ ಸೆರಗು ಸಿಕ್ಕಿಸಿಕೊಂಡು ಹೊರಗೆ ಬಂದರು.

"ಮೂರು ದಿನದಿಂದ ಹೀಗೇ ಕಣ್ರೇ. ಕಡ್ಡಿ ಹಾಕಿದೆ. ನೀರು ಸುರಿದೆ. ಹೋದ ಹಾಗೆ ಮಾಡುತ್ತೆ, ಮತ್ತೆ ನಿಂತ್ಕೊಳ್ಳುತ್ತೆ. ನಮ್ಮ ಯಜಮಾನರು ಆಸಿಡ್ ತರ್ತೀನಿ ಅಂತ ಅಂಗಡಿಗೆ ಹೊರಟಿದ್ದಾರೆ" ಎಂದರು.

"ಆಸಿಡ್ ಬೇಡ ಕಣಮ್ಮ. ಮೊದಲು ಎಲ್ಲಿ ಕಟ್ಟಿದೆ ಅಂತ ನೋಡೋಣ" ಎಂದರು ಎದುರುಮನೆ ಅಜ್ಜಿ.

ನಾವು ಐದಾರು ಹೆಂಗಸರು ಅಲ್ಲಿ ಸೇರಿದೆವು. ಸಂಜೆ ಅಕ್ಷರ ಕಲಿಯಲು ಒಟ್ಟಿಗೆ ಕೂರುವವರೇ ನಾವು. ಅವತ್ತು ಬಚ್ಚಲೇ ನಮಗೆ ಪಾಠವಾಯಿತು. ಆ ಪಾಠವನ್ನು ನಿಮಗಾಗಿ ಇಲ್ಲಿ ಬರೆದಿದ್ದೇವೆ.

ಪೈಪು ಕಟ್ಟುವುದು ಏಕೆ?

ಹಬ್ಬದ ದಿನ ಏನೇನು ಸಿಂಕಿಗೆ ಹೋಯಿತು? ನಾವು ಲೆಕ್ಕ ಹಾಕಿದೆವು. ಬಾಣಲೆಯಲ್ಲಿ ಉಳಿದ ಎಣ್ಣೆ. ತುಪ್ಪದ ಪಾತ್ರೆಯ ಜಿಡ್ಡು. ಅನ್ನದ ಅಗುಳು. ಟೀ ಚರಟ. ಪಾತ್ರೆ ಉಜ್ಜಿದ ಬೂದಿ.

ಬಿಸಿ ಇದ್ದಾಗ ತುಪ್ಪ ನೀರಿನ ಹಾಗೆ ಹರಿಯುತ್ತದೆ. ತಣ್ಣಗಾದರೆ ಗಟ್ಟಿಯಾಗುತ್ತದೆ. ಚಳಿಗಾಲದ ಕೊಬ್ಬರಿ ಎಣ್ಣೆ ನೆನಪಿಸಿಕೊಳ್ಳಿ. ಬಾಟಲಿಯಲ್ಲೇ ಹೆಪ್ಪುಗಟ್ಟುತ್ತದೆ, ಅಲ್ಲವೇ? ಪೈಪಿನೊಳಗೂ ಹಾಗೆಯೇ. ತುಪ್ಪ, ವನಸ್ಪತಿ, ಮಾಂಸದ ಕೊಬ್ಬು ಪೈಪಿನ ಗೋಡೆಗೆ ಮೆತ್ತಿಕೊಳ್ಳುತ್ತವೆ. ಆ ಜಿಡ್ಡಿಗೆ ಅಗುಳು, ಬೂದಿ, ಚರಟ ಅಂಟಿಕೊಳ್ಳುತ್ತವೆ. ದಾರಿ ದಿನದಿನಕ್ಕೆ ಸಣ್ಣದಾಗುತ್ತದೆ. ಕೊನೆಗೆ ಒಂದು ದಿನ ಮುಚ್ಚಿಹೋಗುತ್ತದೆ.

ಬಚ್ಚಲಿನ ಪೈಪಿನಲ್ಲಿ ಕೂದಲೇ ಮುಖ್ಯ ಕಾರಣ. ಕೂದಲು ಬಲೆಯ ಹಾಗೆ ಹೆಣೆದುಕೊಳ್ಳುತ್ತದೆ. ಸೋಪಿನ ಚೂರು, ಶಾಂಪೂ ಚೀಟಿ, ಬಟ್ಟೆಯ ನೂಲು ಅದರಲ್ಲಿ ಸಿಕ್ಕಿಕೊಳ್ಳುತ್ತವೆ. ಬೋರ್‌ವೆಲ್ಲಿನ ಗಡಸು ನೀರಿಗೆ ಸೋಪು ಸೇರಿದರೆ ಬಿಳಿ ಕೊಳೆ ಆಗುತ್ತದೆ. ಅದೂ ಅಲ್ಲೇ ಕೂರುತ್ತದೆ.

ಪೈಪು ಹಾಕಿದ ರೀತಿಯೂ ಕಾರಣವಾಗಬಹುದು. ಹೊರಗೆ ಹೋಗುವ 4 ಇಂಚಿನ ಪೈಪಿಗೆ 40 ಅಡಿ ಉದ್ದಕ್ಕೆ ಸುಮಾರು 1 ಅಡಿ ಇಳಿಜಾರು ಬೇಕು. ಇಳಿಜಾರು ಇಲ್ಲದಿದ್ದರೆ ನೀರು ನಿಧಾನವಾಗಿ ಹೋಗುತ್ತದೆ. ಹೊಲಸು ಹಿಂದೆ ಉಳಿಯುತ್ತದೆ.

ಎಲ್ಲಿ ಕಟ್ಟಿದೆ?

ಇದನ್ನು ತಿಳಿಯದೆ ಕಡ್ಡಿ ಹಾಕಿದರೆ ಶ್ರಮ ದಂಡ. ಮೂರು ಮಾತು ನೆನಪಿಡಿ.

ಸಿಂಕಿನಲ್ಲಿ ಮಾತ್ರ ನೀರು ನಿಂತಿದೆಯೇ? ಹಾಗಾದರೆ ತಡೆ ಸಿಂಕಿನ ಕೆಳಗಿದೆ.

ಸಿಂಕು, ಬಚ್ಚಲು, ಕಕ್ಕಸು ಎಲ್ಲ ಕಡೆಯೂ ನಿಂತಿದೆಯೇ? ಹಾಗಾದರೆ ತಡೆ ಮನೆಯಿಂದ ಹೊರಗೆ ಹೋಗುವ ಪೈಪಿನಲ್ಲಿದೆ.

ಅಕ್ಕಪಕ್ಕದ ಮನೆಗಳಲ್ಲೂ ನಿಂತಿದೆಯೇ? ಹಾಗಾದರೆ ತಡೆ ಬೀದಿಯಲ್ಲಿದೆ. ಮನೆಯೊಳಗೆ ಎಷ್ಟು ಕಡ್ಡಿ ಆಡಿಸಿದರೂ ಪ್ರಯೋಜನವಿಲ್ಲ.

ಸಿಂಕಿನ ತಡೆ ನಾವೇ ತೆಗೆಯಬಹುದು

ಸಿಂಕಿನ ಕೆಳಗೆ ಬಗ್ಗಿ ನೋಡಿ. ಪೈಪು ಒಂದು ಕಡೆ ಬಾಗಿರುತ್ತದೆ. ಆ ಬಾಗಿನಲ್ಲಿ ಯಾವಾಗಲೂ ಸ್ವಲ್ಪ ನೀರು ನಿಂತಿರಬೇಕು. ಚರಂಡಿಯ ವಾಸನೆಯನ್ನು, ಜಿರಳೆಯನ್ನು ಆ ನೀರು ತಡೆಯುತ್ತದೆ. ಆದರೆ ಕಸ ಮೊದಲು ಕೂರುವುದೂ ಅಲ್ಲೇ. ಕೆಲವು ಮನೆಗಳಲ್ಲಿ ಸುಕ್ಕುಸುಕ್ಕಾದ ಪ್ಲಾಸ್ಟಿಕ್ ಪೈಪು ಇರುತ್ತದೆ. ಅದರ ಸುಕ್ಕಿನಲ್ಲಿ ಕಸ ಇನ್ನೂ ಬೇಗ ಸಿಕ್ಕಿಕೊಳ್ಳುತ್ತದೆ.

ಮಾಡುವ ಕ್ರಮ ಹೀಗೆ:

1. ಸಿಂಕಿನ ನೀರನ್ನು ಚೊಂಬಿನಲ್ಲಿ ಮೊಗೆದು ಬಕೆಟ್ಟಿಗೆ ಹಾಕಿ. ಜಾಲರಿಯ ಮೇಲಿನ ಕಸ ಕೈಯಲ್ಲಿ ತೆಗೆಯಿರಿ.

2. ಒಲೆಯ ಮೇಲೆ ನೀರು ಕಾಯಿಸಿ. ಹಬೆ ಬಂದರೆ ಸಾಕು, ಕುದಿಯಬಾರದು. ಕುದಿಯುವ ನೀರಿಗೆ ಪ್ಲಾಸ್ಟಿಕ್ ಪೈಪು ಮೆತ್ತಗಾಗಿ ಸೊಟ್ಟಗಾಗುತ್ತದೆ. ಬಿಸಿನೀರಿಗೆ ಸೋಪಿನ ಪುಡಿ ಕಲಸಿ ನಿಧಾನವಾಗಿ ಸುರಿಯಿರಿ. ಜಿಡ್ಡು ಸಡಿಲವಾಗುತ್ತದೆ. ಅರ್ಧ ಗಂಟೆ ಬಿಡಿ.

3. ಮರದ ಹಿಡಿ ಇರುವ ರಬ್ಬರ್ ಬಟ್ಟಲು ಅಂಗಡಿಯಲ್ಲಿ ಸಿಗುತ್ತದೆ. ಬಿಸಿನೀರು ಆರಿದ ಮೇಲೆ ಅದನ್ನು ತೂತಿನ ಮೇಲೆ ಬಿಗಿಯಾಗಿ ಇಡಿ. ಬಟ್ಟಲು ಮುಳುಗುವಷ್ಟು ನೀರು ಇರಲಿ. ಸಿಂಕಿಗೆ ಇನ್ನೊಂದು ತೂತು ಇದ್ದರೆ ಒದ್ದೆ ಬಟ್ಟೆಯಿಂದ ಮುಚ್ಚಿ. ಈಗ ಹದಿನೈದು ಇಪ್ಪತ್ತು ಸಲ ಒತ್ತಿ, ಎಳೆಯಿರಿ. ಎಳೆಯುವಾಗಲೇ ಕಸ ಸಡಿಲವಾಗಿ ಮೇಲೆ ಬರುತ್ತದೆ.

4. ಆಗಲೂ ಹೋಗದಿದ್ದರೆ ಬಾಗಿದ ಪೈಪಿನ ಕೆಳಗೆ ಬಕೆಟ್ಟು ಇಡಿ. ಎರಡೂ ಕಡೆಯ ತಿರುಪನ್ನು ಕೈಯಲ್ಲಿ ತಿರುಗಿಸಿ ಬಿಚ್ಚಿ. ಒಳಗಿನ ಕಸ ತೆಗೆದು, ತೊಳೆದು, ವಾಷರ್ ಸರಿಯಾಗಿ ಕೂರಿಸಿ ಮತ್ತೆ ಹಾಕಿ. ನೀರು ಬಿಟ್ಟು ಸೋರುತ್ತದೆಯೇ ನೋಡಿ.

5. ಬಚ್ಚಲಿನ ಜಾಲರಿಯನ್ನು ಎತ್ತಿ. ತಂತಿಯ ತುದಿ ಕೊಕ್ಕೆ ಮಾಡಿ ಕೂದಲನ್ನು ಮೇಲಕ್ಕೆ ಎಳೆಯಿರಿ. ಒಳಕ್ಕೆ ತಳ್ಳಬೇಡಿ. ತಳ್ಳಿದ ಕಸ ಮುಂದೆ ಹೋಗಿ ಇನ್ನೂ ಗಟ್ಟಿಯಾಗಿ ಕೂರುತ್ತದೆ.

ಆಸಿಡ್ ಏಕೆ ಬೇಡ?

ಆಸಿಡ್ ಬಾಟಲಿಯ ಮೇಲೆ ಏನು ಬರೆದಿದೆ, ಓದಿ ನೋಡಿ. ಅಕ್ಷರ ಸಣ್ಣದಾಗಿದ್ದರೆ ಚಿತ್ರ ನೋಡಿ. ಕೈ ಸುಡುವ ಚಿತ್ರ, ಅಪಾಯದ ಗುರುತು ಇರುತ್ತದೆ. ಅದು ಅಲಂಕಾರಕ್ಕೆ ಹಾಕಿದ್ದಲ್ಲ.

ಆಸಿಡ್ ಜಿಡ್ಡನ್ನು ಚೆನ್ನಾಗಿ ಕರಗಿಸುವುದಿಲ್ಲ. ಕಟ್ಟಿದ ಪೈಪಿನಲ್ಲಿ ಹಾಗೇ ನಿಂತುಬಿಡುತ್ತದೆ. ಆಮೇಲೆ ಪೈಪು ಬಿಚ್ಚುವವರ ಕೈ, ಮುಖದ ಮೇಲೆ ಬೀಳುತ್ತದೆ.

ಪೈಪು ಬಿಡಿಸುವ ಪುಡಿಯೂ ಅಂಗಡಿಯಲ್ಲಿ ಸಿಗುತ್ತದೆ. ಅದು ಕಾಸ್ಟಿಕ್ ಸೋಡ. ನೀರು ತಗುಲಿದರೆ ಕುದಿಯುವ ಹಾಗೆ ಬಿಸಿಯಾಗುತ್ತದೆ, ಸಿಡಿಯುತ್ತದೆ. ಕಣ್ಣಿಗೆ ಬಿದ್ದರೆ ಕಣ್ಣೇ ಹೋಗಬಹುದು. ಆಸಿಡ್ ಮತ್ತು ಈ ಪುಡಿ ಸೇರಿದರೆ ಇನ್ನೂ ಅಪಾಯ. ಆಸಿಡ್ ಮತ್ತು ಬ್ಲೀಚಿಂಗ್ ಪುಡಿ ಸೇರಿದರೆ ಕ್ಲೋರಿನ್ ಎಂಬ ವಿಷದ ಗಾಳಿ ಏಳುತ್ತದೆ. ಬಚ್ಚಲುಮನೆ ಚಿಕ್ಕದು. ಉಸಿರು ಕಟ್ಟಲು ಹೆಚ್ಚು ಹೊತ್ತು ಬೇಕಿಲ್ಲ.

ಇಂಥದ್ದು ಮೈಗೆ, ಕಣ್ಣಿಗೆ ಬಿದ್ದರೆ ಏನು ಮಾಡಬೇಕು? ಅರಿಶಿನ, ಎಣ್ಣೆ ಹಚ್ಚಬೇಡಿ. ನಲ್ಲಿಯ ನೀರಿನಲ್ಲಿ 20 ನಿಮಿಷ ಬಿಡದೆ ತೊಳೆಯಿರಿ. ಆಮೇಲೆ ಆಸ್ಪತ್ರೆಗೆ ಹೋಗಿ.

ಮೂಲೆಮನೆಯಲ್ಲಿ ಏನಾಯಿತು?

ಮೂಲೆಮನೆ ಸಿಂಕಿನ ಪೈಪು ಬಿಚ್ಚಿದೆವು. ಹಿಡಿಯಷ್ಟು ಜಿಡ್ಡು ಬಂತು. ತೊಳೆದು ಹಾಕಿದೆವು. ಆದರೂ ಬಚ್ಚಲಿನ ನೀರು ಇಳಿಯಲಿಲ್ಲ. ಹಾಗಾದರೆ ತಡೆ ಹೊರಗಿದೆ ಎಂದು ಗೊತ್ತಾಯಿತು.

ಹಿತ್ತಲಲ್ಲಿ ಮನೆಯ ಚೇಂಬರ್ ಇತ್ತು. ಮುಚ್ಚಳ ಸರಿಸಿ, ಪಕ್ಕಕ್ಕೆ ನಿಂತೆವು. ಗಾಳಿ ಆಡಲು ಬಿಟ್ಟೆವು. ಹತ್ತಿರ ಬೀಡಿ, ಬೆಂಕಿಕಡ್ಡಿ ಬರದಂತೆ ನೋಡಿಕೊಂಡೆವು. ಚೇಂಬರಿನ ತುಂಬ ನೀರು. ಉದ್ದದ ಬಿದಿರು ಸೀಳು ಹಾಕಿ ಮೇಲೆ ನಿಂತೇ ಆಡಿಸಿದೆವು. ಇಳಿಯಲಿಲ್ಲ. ಪಕ್ಕದ ಮನೆಯ ಚೇಂಬರ್ ನೋಡಿದೆವು. ಅದೂ ತುಂಬಿತ್ತು. ಬೀದಿಯ ದೊಡ್ಡ ಗುಂಡಿಯೂ ತುಂಬಿತ್ತು. ಮೂಲೆಮನೆ ತಗ್ಗಿನಲ್ಲಿದೆ. ಅದಕ್ಕೇ ನೀರು ಮೊದಲು ಅಲ್ಲಿ ಉಕ್ಕಿತು.

ಮೂರು ದಿನ ಅಕ್ಕ ಮನೆಯವರ ಕೈಲಿ ಬೈಸಿಕೊಂಡಿದ್ದರು. "ನೀನು ಕಸ ಹಾಕಿದ್ದಕ್ಕೇ ಹೀಗಾಯ್ತು" ಅಂತ. ಕಸ ಒಬ್ಬರದಲ್ಲ, ಇಡೀ ಬೀದಿಯದು.

ಗುಂಡಿಗೆ ಮನುಷ್ಯ ಇಳಿಯಬಾರದು

ಅಷ್ಟರಲ್ಲಿ ಯಾರೋ ಅಂದರು: "ಐನೂರು ರೂಪಾಯಿ ಕೊಟ್ಟರೆ ಒಬ್ಬರು ಇಳಿದು ತೆಗೀತಾರೆ. ಕರೆದುಕೊಂಡು ಬರ್ತೀನಿ."

ಅಜ್ಜಿ ಎದ್ದು ನಿಂತರು. "ಯಾರನ್ನೂ ಇಳಿಸಬೇಡಿ. ಅವರ ಮನೇಲೂ ಹೆಂಡತಿ ಮಕ್ಕಳು ಕಾಯ್ತಾ ಇರ್ತಾರೆ" ಎಂದರು.

ಅಜ್ಜಿಯ ಮಾತು ಸರಿ. ಮುಚ್ಚಿದ ಗುಂಡಿಯಲ್ಲಿ ಹೊಲಸು ಕೊಳೆತು ವಿಷದ ಗಾಳಿ ಹುಟ್ಟುತ್ತದೆ. ಕೊಳೆತ ಮೊಟ್ಟೆಯ ವಾಸನೆ ಬರುವ ಗಾಳಿ ಅದು. ಹೆಚ್ಚಾದರೆ ಮೂಗಿಗೆ ವಾಸನೆಯೇ ತಿಳಿಯುವುದಿಲ್ಲ. ವಾಸನೆ ಇಲ್ಲ ಎಂದು ಇಳಿದವರು ಕ್ಷಣದಲ್ಲಿ ಕುಸಿದು ಬೀಳುತ್ತಾರೆ. ಅವರನ್ನು ಎತ್ತಲು ಇಳಿದವರೂ ಸಾಯುತ್ತಾರೆ. ಇಂಥ ಸುದ್ದಿ ಪತ್ರಿಕೆಯಲ್ಲಿ ಮತ್ತೆ ಮತ್ತೆ ಬರುತ್ತದೆ.

ಈ ಕೆಲಸವನ್ನು ತಲೆತಲಾಂತರದಿಂದ ಕೆಲವೇ ಜಾತಿಯವರ ತಲೆಗೆ ಕಟ್ಟಿದ್ದೇವೆ. ಹೊಲಸು ನಮ್ಮದು. ಸಾವು ಅವರದು. ಇದು ಯಾವ ನ್ಯಾಯ?

ಕಾನೂನು ಏನು ಹೇಳುತ್ತದೆ? ಮಲ ಹೊರುವ ಪದ್ಧತಿಯ ವಿರುದ್ಧ 1993ರಲ್ಲಿ ಒಂದು ಕಾನೂನು ಬಂತು. 2013ರಲ್ಲಿ ಇನ್ನೂ ಬಿಗಿಯಾದ ಕಾನೂನು ಬಂತು. ರಕ್ಷಣೆಯ ಸಾಮಗ್ರಿ, ಮುನ್ನೆಚ್ಚರಿಕೆ ಇಲ್ಲದೆ ಒಳಚರಂಡಿಗಾಗಲಿ ಶೌಚದ ಗುಂಡಿಗಾಗಲಿ ಯಾರನ್ನೂ ಇಳಿಸಬಾರದು. ಇಳಿಸಿದರೆ ಮೊದಲ ಸಲಕ್ಕೇ 2 ವರ್ಷದವರೆಗೆ ಜೈಲು, ಅಥವಾ 2 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಮನೆಯವರು ಇಳಿಸಿದರೂ ತಪ್ಪೇ. ಇಳಿದವರು ತಾವಾಗಿ ಒಪ್ಪಿದ್ದರೂ ಇಳಿಸಿದವರದು ತಪ್ಪೇ.

ಹೀಗೆ ಸತ್ತವರ ಕುಟುಂಬಕ್ಕೆ 10 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿತು. 2023ರಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಆದರೆ ಹೋದ ಜೀವಕ್ಕೆ ಯಾವ ಹಣ ಸಮ?

ನಾವು ಅರ್ಜಿ ಬರೆದೆವು

ಬೀದಿಯ ಗುಂಡಿ ಬಿಡಿಸುವುದು ನಗರಸಭೆಯ ಕೆಲಸ. ಅದಕ್ಕೆ ಯಂತ್ರಗಳಿವೆ. ಒಂದು ಹೊಲಸನ್ನು ಹೀರುತ್ತದೆ. ಇನ್ನೊಂದು ಪೈಪಿನೊಳಗೆ ರಭಸವಾಗಿ ನೀರು ಬಿಡುತ್ತದೆ. ನಾವು ಅರ್ಜಿ ಬರೆದೆವು:

ಮಾನ್ಯ ಪೌರಾಯುಕ್ತರಿಗೆ,

ವಿಷಯ: ಒಳಚರಂಡಿ ಕಟ್ಟಿಕೊಂಡಿರುವ ಬಗ್ಗೆ.

ಮಾನ್ಯರೇ,

ನಮ್ಮ ಬೀದಿಯ ಒಳಚರಂಡಿ ಕಟ್ಟಿಕೊಂಡಿದೆ. ಮೂರು ದಿನದಿಂದ ಹೊಲಸು ನೀರು ಮನೆಯೊಳಗೆ ಬರುತ್ತಿದೆ. ಮಕ್ಕಳಿಗೆ ತೊಂದರೆಯಾಗಿದೆ. ದಯವಿಟ್ಟು ಯಂತ್ರ ಕಳಿಸಿ ಸರಿಮಾಡಿಸಿ. ಮನುಷ್ಯರನ್ನು ಇಳಿಸಬೇಡಿ.

ಇಂತಿ, ಬೀದಿಯ ಮಹಿಳೆಯರು.

ಕೆಳಗೆ ಒಂಬತ್ತು ಜನ ಸಹಿ ಹಾಕಿದೆವು. ಅಜ್ಜಿ ಹೆಬ್ಬೆಟ್ಟು ಒತ್ತಲಿಲ್ಲ. ನಿಧಾನವಾಗಿ, ಒಂದೊಂದೇ ಅಕ್ಷರ ಕೂಡಿಸಿ ಹೆಸರು ಬರೆದರು. ಅರ್ಜಿಯ ಇನ್ನೊಂದು ಪ್ರತಿಗೆ ಕಚೇರಿಯ ಮೊಹರು, ತಾರೀಖು ಹಾಕಿಸಿಕೊಂಡೆವು.

ಮೊದಲ ದಿನ "ನಾಳೆ ಬನ್ನಿ" ಎಂದರು. ಮರುದಿನ ಮೊಹರು ಇದ್ದ ಪ್ರತಿ ತೋರಿಸಿದೆವು. ಮೂರನೆಯ ದಿನ ಯಂತ್ರ ಬಂತು. ಪೈಪಿನಿಂದ ಜಿಡ್ಡಿನ ಗಡ್ಡೆ ಬಂತು. ಪ್ಲಾಸ್ಟಿಕ್ ಚೀಲ, ಹಳೇ ಸೀರೆಯ ತುಂಡು, ಊದಿಕೊಂಡ ಪ್ಯಾಡುಗಳು ಬಂದವು. ಯಾರದು ಎಂದು ಯಾರೂ ಕೇಳಲಿಲ್ಲ. ಎಲ್ಲರೂ ತಲೆ ತಗ್ಗಿಸಿದೆವು.

ಮತ್ತೆ ಕಟ್ಟದ ಹಾಗೆ

ಅಂದಿನಿಂದ ನಾವು ಪಾಲಿಸುತ್ತಿರುವ ಮಾತುಗಳು ಇವು.

ಜಿಡ್ಡಿನ ಪಾತ್ರೆಯನ್ನು ಮೊದಲು ಹಳೇ ಕಾಗದದಿಂದ ಒರೆಸಿ, ಆಮೇಲೆ ತೊಳೆಯೋಣ. ಉಳಿದ ಎಣ್ಣೆಯನ್ನು ಸಿಂಕಿಗೆ ಸುರಿಯದಿರೋಣ.

ಸಿಂಕಿಗೂ ಬಚ್ಚಲಿಗೂ ಜಾಲರಿ ಹಾಕೋಣ. ದಿನವೂ ಅದರ ಕಸ ತೆಗೆಯೋಣ.

ಮುಟ್ಟಿನ ಬಟ್ಟೆ, ಪ್ಯಾಡುಗಳನ್ನು ನಾಚಿಕೆಯಿಂದ ಕಕ್ಕಸಿಗೆ ಹಾಕುತ್ತೇವೆ. ಪ್ಯಾಡು ನೀರು ಕುಡಿದು ಊದಿಕೊಳ್ಳುತ್ತದೆ. ಅದನ್ನು ಕಾಗದದಲ್ಲಿ ಸುತ್ತಿ, ಗುರುತು ಮಾಡಿ, ಕಸದ ಗಾಡಿಗೆ ಬೇರೆಯಾಗಿ ಕೊಡೋಣ.

ಒಳಚರಂಡಿ ಇಲ್ಲದ ಊರಿನಲ್ಲಿ ಬಚ್ಚಲ ನೀರನ್ನು ಬೀದಿಗೆ ಬಿಡದೆ ಇಂಗುಗುಂಡಿಗೆ ಬಿಡೋಣ. ಬಾಳೆ, ಕೆಸುವಿನ ಬುಡಕ್ಕೂ ಬಿಡಬಹುದು. ನಿಂತ ಕೊಳಕು ನೀರಿನಲ್ಲಿ ಕ್ಯೂಲೆಕ್ಸ್ ಸೊಳ್ಳೆ ಬೆಳೆಯುತ್ತದೆ. ಆನೆಕಾಲು ರೋಗ ಹರಡುವುದು ಅದರಿಂದಲೇ.

ಮೂಲೆಮನೆ ಅಕ್ಕನ ಸಿಂಕಿನಲ್ಲಿ ಈಗ ನೀರು ಸರಾಗವಾಗಿ ಹೋಗುತ್ತದೆ. ಅವರ ಯಜಮಾನರು ಈಗ ಬಾಣಲೆಯನ್ನು ಕಾಗದದಿಂದ ಒರೆಸಿಯೇ ಸಿಂಕಿಗೆ ಇಡುತ್ತಾರೆ.

ಅಭ್ಯಾಸ

ಉತ್ತರ ಹೇಳಿ:
1. ಜಿಡ್ಡು ಪೈಪಿನಲ್ಲಿ ಏಕೆ ಗಟ್ಟಿಯಾಗುತ್ತದೆ?
2. ತಡೆ ಬೀದಿಯಲ್ಲಿದೆ ಎಂದು ಹೇಗೆ ತಿಳಿಯುತ್ತದೆ?
3. ಆಸಿಡ್ ಕಣ್ಣಿಗೆ ಬಿದ್ದರೆ ಮೊದಲು ಏನು ಮಾಡಬೇಕು?

ಬಿಟ್ಟ ಜಾಗ ತುಂಬಿ:
1. ಕೂದಲನ್ನು ಒಳಕ್ಕೆ ತಳ್ಳದೆ ಮೇಲಕ್ಕೆ ______ ಬೇಕು.
2. ಗುಂಡಿಗೆ ______ ಇಳಿಯಬಾರದು, ಯಂತ್ರ ಬರಬೇಕು.

ಚರ್ಚೆ ಮಾಡಿ: ನಿಮ್ಮ ಬೀದಿಯ ಗುಂಡಿಯನ್ನು ಯಾರು ಶುಚಿ ಮಾಡುತ್ತಾರೆ? ಹೇಗೆ ಮಾಡುತ್ತಾರೆ?

ಬರೆಯಿರಿ: ನಿಮ್ಮ ಬೀದಿಯ ಒಂದು ತೊಂದರೆ ಕುರಿತು ಅರ್ಜಿ ಬರೆಯಿರಿ. ಕೆಳಗೆ ನಿಮ್ಮ ಸಹಿ ಹಾಕಿ.