ತಪ್ಪು ಉತ್ತರದ ಹಿಂದೆ ಒಂದು ನಿಯಮವಿದೆ

ಪ್ರಶ್ನೆ: ನಾವು ಧಾರವಾಡದವರು. ಯಜಮಾನರ ಕೆಲಸದ ಕಾರಣ ವಡೋದರಾಕ್ಕೆ ಬಂದಿದ್ದೇವೆ. ಮಗ ಮೂರನೇ ಕ್ಲಾಸು. ಗಣಿತದ ಪುಸ್ತಕ ತೆಗೆದರೆ ಸಾಕು, ಹೊಟ್ಟೆನೋವು ಎನ್ನುತ್ತಾನೆ. ಕಳೆಯುವ ಲೆಕ್ಕಗಳೆಲ್ಲ ತಪ್ಪು. ನಾನು ಪಕ್ಕದಲ್ಲಿ ಕೂತು ಹೇಳಿಕೊಟ್ಟರೆ ಕೊನೆಗೆ ಇಬ್ಬರೂ ಅಳುತ್ತೇವೆ. ಸೂರತ್‌ನಲ್ಲಿರುವ ನಮ್ಮಕ್ಕ ಅಬಾಕಸ್ ಕ್ಲಾಸಿಗೆ ಸೇರಿಸು ಎನ್ನುತ್ತಾಳೆ. ಸೇರಿಸಲೇ? ಅವನ ನೋಟ್‌ಬುಕ್ಕಿನ ಒಂದು ಪುಟ ಕಳಿಸಿದ್ದೇನೆ.
— ಹೆಸರು ಬೇಡ, ವಡೋದರಾ

ಉತ್ತರ: ಮೊದಲು ಆ ಪುಟದ ಮಾತು. 52ರಲ್ಲಿ 17 ಕಳೆದು 45 ಎಂದು ಬರೆದಿದ್ದಾನೆ. 81ರಲ್ಲಿ 36 ಕಳೆದು 55. ಗಮನವಿಲ್ಲದೆ ಮಾಡಿದ್ದಾನೆ ಎಂದು ಬೈಯುವ ಮೊದಲು ಅಂಕಿಗಳನ್ನು ಇನ್ನೊಮ್ಮೆ ನೋಡಿ. ಮೇಲಿರಲಿ, ಕೆಳಗಿರಲಿ, ಎಲ್ಲ ಕಡೆಯೂ ದೊಡ್ಡ ಅಂಕಿಯಿಂದ ಚಿಕ್ಕದನ್ನು ಕಳೆದಿದ್ದಾನೆ. ಏಳರಲ್ಲಿ ಎರಡು ಹೋದರೆ ಐದು, ಐದರಲ್ಲಿ ಒಂದು ಹೋದರೆ ನಾಲ್ಕು. ತಾನೇ ಕಟ್ಟಿಕೊಂಡ ನಿಯಮವನ್ನು ಹುಡುಗ ಶ್ರದ್ಧೆಯಿಂದ ಪಾಲಿಸುತ್ತಿದ್ದಾನೆ! ಹತ್ತನ್ನು ಒಡೆದು ಬಿಡಿ ಮಾಡಿಕೊಳ್ಳಬಹುದು ಎಂಬುದು ಅವನ ಕಣ್ಣಿಗೆ ಇನ್ನೂ ಬಿದ್ದಿಲ್ಲ.

ಬೀಳುವಂತೆ ಮಾಡೋಣ. ಇವತ್ತು ಸಂಜೆ ಪುಸ್ತಕ ಮುಚ್ಚಿಡಿ. ಹತ್ತರ ಐದು ನೋಟು, ಒಂದು ರೂಪಾಯಿಯ ಎರಡು ನಾಣ್ಯ ಅವನ ಕೈಗೆ ಕೊಡಿ. ಅವನು ಗಿರಾಕಿ, ನೀವು ತರಕಾರಿಯವರು. ಬಿಲ್ಲು 17 ರೂಪಾಯಿ, ಸರಿಯಾಗಿ ಕೊಡಬೇಕು, ನಿಮ್ಮ ಹತ್ತಿರ ಚಿಲ್ಲರೆ ಇಲ್ಲ. ಒಂದು ನೋಟು ಕೊಟ್ಟ ಮೇಲೆ ಇನ್ನೂ ಏಳು ಬೇಕು, ಕೈಯಲ್ಲಿರುವುದು ಎರಡೇ ನಾಣ್ಯ. ಅಲ್ಲಿ ತಡವರಿಸುತ್ತಾನೆ. ಆಗ ನೀವು ಬಾಯಿ ಬಿಡಬಾರದು. ಇಡೀ ಆಟದಲ್ಲಿ ಕಷ್ಟದ ಕೆಲಸ ಇದೇ. ಒಂದು ರೂಪಾಯಿಯ ಹತ್ತು ನಾಣ್ಯ ಇಟ್ಟುಕೊಂಡು ಅಪ್ಪ ಆಚೆ ಕೂತಿರಲಿ. ಸ್ವಲ್ಪ ಹೊತ್ತಿಗೆ ಹುಡುಗ ನೋಟು ಹಿಡಿದು ಅಲ್ಲಿಗೇ ಓಡುತ್ತಾನೆ. ಉಳಿದ ದುಡ್ಡು ಎಣಿಸಿದರೆ 35. ನಾಲ್ಕು ದಿನ ಹೀಗೆ ಆಡಿ, ಆಮೇಲೆ ಅದೇ ಲೆಕ್ಕವನ್ನು ಕಾಗದದ ಮೇಲೆ ಬರೆಸಿ.

ಶಾಲೆಯಲ್ಲಿ ಇಂಗ್ಲಿಷ್, ಬೀದಿಯಲ್ಲಿ ಗುಜರಾತಿ. ಇರಲಿ, ಮನೆಯಲ್ಲಿ ಲೆಕ್ಕದ ಮಾತು ಕನ್ನಡದಲ್ಲೇ ನಡೆಯಲಿ. ‘ಉತ್ತರ ಎಷ್ಟು?’ ಎಂದು ಕೇಳುವುದಕ್ಕಿಂತ ‘ಹೇಗೆ ಮಾಡಿದೆಯೋ, ಹೇಳು’ ಎಂದು ಕೇಳಿ. ಅದನ್ನು ಹೇಳಲು ಅವನಿಗೆ ಸಲೀಸಾದ ಭಾಷೆ ಬೇಕು.

ನೀವಿರುವ ಊರೂ ನಿಮ್ಮ ಸಹಾಯಕ್ಕಿದೆ. ಜನವರಿ 14ರ ಉತ್ತರಾಯಣಕ್ಕೆ ಗುಜರಾತಿಗೆ ಗುಜರಾತೇ ಮಾಳಿಗೆ ಹತ್ತುತ್ತದೆ. ಅಲ್ಲಿ ಗಾಳಿಪಟ ಮಾರುವುದು ಕೋಡಿ ಲೆಕ್ಕದಲ್ಲಿ, ಕೋಡಿಗೆ 20. ಮೂರು ಕೋಡಿ ತಂದರೆ ಎಷ್ಟಾಯಿತು, ನಾಲ್ಕು ಮಕ್ಕಳಿಗೆ ಹಂಚಿದರೆ ತಲೆಗೆಷ್ಟು, ಸಂಜೆಗೆ ಎಷ್ಟು ಉಳಿದವು, ಎಲ್ಲದರ ಲೆಕ್ಕ ಅವನೇ ಇಡಲಿ. ಬೇರೆ ದಿನಗಳಲ್ಲಿ ಚೌಕಾಬಾರ ಹಾಕಿ. ಗುಜರಾತಿಗಳಲ್ಲೂ ಇಂಥದೇ ಆಟವಿದೆ, ಇಸ್ತೋ ಎನ್ನುತ್ತಾರೆ. ಪಕ್ಕದ ಮನೆಯ ಅಜ್ಜಿಯನ್ನೂ ಕರೆಯಿರಿ. ರಜೆಯಲ್ಲಿ ಅಹಮದಾಬಾದಿಗೆ ಹೋದರೆ ವಿಕ್ರಮ್ ಸಾರಾಭಾಯಿ ಕಮ್ಯುನಿಟಿ ಸೈನ್ಸ್ ಸೆಂಟರ್ ತೋರಿಸಿ. 1960ರ ದಶಕದಲ್ಲಿ ಸಾರಾಭಾಯಿ ಅವರೇ ಶುರು ಮಾಡಿದ ಸಂಸ್ಥೆ, ಕೈಯಿಂದ ಮಾಡಿ ಕಲಿಯುವುದಕ್ಕೆ ಅಲ್ಲಿ ಗಣಿತದ ಪ್ರಯೋಗಾಲಯವಿದೆ.

ಅದೇ ಗುಜರಾತಿನ ಗಿಜುಭಾಯಿ ಬಧೇಕಾ ವಕೀಲರಾಗಿದ್ದವರು. 1920ರಲ್ಲಿ ಭಾವನಗರದಲ್ಲಿ ಬಾಲಮಂದಿರ ತೆರೆದು, ಬೆತ್ತವಿಲ್ಲದೆ, ಆಟ ಮತ್ತು ಕಥೆಗಳಿಂದಲೇ ಮಕ್ಕಳಿಗೆ ಕಲಿಸಿದರು. ನಿಮಗೆ ಈ ದಾರಿ ನಿಧಾನದ್ದು ಅನಿಸಿದಾಗ ಅವರನ್ನು ನೆನೆಯಿರಿ.

ಹೊಟ್ಟೆನೋವು ರಜಾದಿನಗಳಲ್ಲೂ ಬರುತ್ತಿದ್ದರೆ ಮಕ್ಕಳ ವೈದ್ಯರಿಗೆ ತೋರಿಸಿ. ಕೆಲವು ತಿಂಗಳು ಆಡಿಸಿದ ಮೇಲೂ ಚಿಕ್ಕ ಸಂಖ್ಯೆಗಳಲ್ಲಿ ಯಾವುದು ಹೆಚ್ಚು, ಯಾವುದು ಕಡಿಮೆ ಎಂದು ತಿಳಿಯದಿದ್ದರೆ ಕಲಿಕಾ ತೊಂದರೆಯ ತಜ್ಞರನ್ನು ಕಾಣಿ.

ಅಬಾಕಸ್ ಕ್ಲಾಸಿನಲ್ಲಿ ಹೆಚ್ಚಾಗಿ ನಡೆಯುವುದು ವೇಗದ ಅಭ್ಯಾಸ. ಹೆದರಿದ ಮಗುವಿನ ಮುಂದೆ ಗಡಿಯಾರ ಇಟ್ಟರೆ ಹೆದರಿಕೆ ಇನ್ನಷ್ಟು ಬೆಳೆಯುತ್ತದೆ. ಅಕ್ಕನಿಗೆ ಬೇಸರವಾಗದಂತೆ ತಿಳಿಸಿ ಹೇಳಿ, ಫೀಜು ಈಗಲೇ ಕಟ್ಟಬೇಡಿ.