ವರ್ಡ್‌ಪ್ರೆಸ್ ಏಳಲಿಲ್ಲವೇ? ಅಳಿಸುವ ಮುಂಚೆ ಲಾಗ್ ನೋಡಿ

‘ಅಣ್ಣಾರ, ಡೇಟಾಬೇಸ್ ಎರರ್ ಅಂತ ಬರಾಕತ್ತೈತ್ರಿ. ಎಲ್ಲಾ ಅಳಿಸಿ ಮತ್ತ ಹೊಸದಾಗಿ ಹಾಕ್ಲೇನ್ರಿ?’

ರಾತ್ರಿ ಹತ್ತೂವರೆಗೆ ಸಿಂದಗಿಯಿಂದ ಬಂದ ಫೋನು. ಆ ಶಿಕ್ಷಕರು ಆಗಲೇ ಮೂರು ಸಲ ಅಳಿಸಿ ಹಾಕಿದ್ದರು. ನಾಲ್ಕನೇ ಸಲ ಬೇಡವೆಂದು ಹೇಳಿ, ಡಬ್ಲ್ಯೂಪಿ-ಕಾನ್ಫಿಗ್ ಫೈಲನ್ನು ಸಾಲುಸಾಲಾಗಿ ಓದಿಸಿದೆ. ಪಾಸ್‌ವರ್ಡ್ ಮುಗಿದ ಮೇಲೆ, ಉದ್ಧರಣ ಚಿಹ್ನೆಗೆ ಮುಂಚೆ, ಒಂದು ಖಾಲಿ ಜಾಗ ಉಳಿದುಕೊಂಡಿತ್ತು. ಪ್ರತಿ ಸಲವೂ ಅದೇ ಪಾಸ್‌ವರ್ಡನ್ನು ಅದೇ ಕಡೆಯಿಂದ ನಕಲು ಮಾಡಿ ಅಂಟಿಸಿದ್ದರಿಂದ ಆ ಖಾಲಿ ಜಾಗವೂ ಪ್ರತಿ ಸಲ ಜೊತೆಗೆ ಬಂದಿತ್ತು.

2003ರಲ್ಲಿ ಶುರುವಾದ ವರ್ಡ್‌ಪ್ರೆಸ್‌ಗೆ ಐದು ನಿಮಿಷದಲ್ಲಿ ಹಾಕಿಕೊಳ್ಳಬಹುದು ಎಂಬ ಹೆಸರಿದೆ. ಎಲ್ಲ ಸಿದ್ಧವಿರುವ ಹೋಸ್ಟಿಂಗ್‌ನಲ್ಲಿ ಆ ಮಾತು ನಿಜ. ಬರೀ ಉಬುಂಟು ಇರುವ ಸರ್ವರನ್ನು ಬಾಡಿಗೆಗೆ ಹಿಡಿದು ನಾವೇ ನಡೆಸುವಾಗ ವೆಬ್ ಸರ್ವರ್, ಪಿಎಚ್‌ಪಿ, ಡೇಟಾಬೇಸ್, ಫೈರ್‌ವಾಲ್ ಎಲ್ಲವೂ ನಮ್ಮ ತಲೆಗೇ ಬರುತ್ತವೆ. ಆದರೂ ಆ ದಾರಿ ಬಿಡಬೇಡಿ ಎಂದೇ ಹೇಳುತ್ತೇನೆ. ಫ.ಗು. ಹಳಕಟ್ಟಿಯವರು ವಚನಗಳನ್ನು ಅಚ್ಚು ಹಾಕಲು ವಿಜಾಪುರದಲ್ಲಿ ಹಿತಚಿಂತಕ ಮುದ್ರಣಾಲಯವನ್ನೇ ತೆರೆದರು, 1926ರಲ್ಲಿ ‘ಶಿವಾನುಭವ’ ಪತ್ರಿಕೆ ಹೊರಡಿಸಿದರು. ಬರೆದದ್ದು ನಮ್ಮ ಕೈಯಲ್ಲೇ ಉಳಿಯಬೇಕಾದರೆ ಯಂತ್ರವೂ ನಮ್ಮ ಕೈಯಲ್ಲಿರಬೇಕು ಎಂಬುದನ್ನು ಈ ಜಿಲ್ಲೆ ಆಗಲೇ ಕಂಡಿದೆ.

ಮೊದಲು ಲಾಗ್

ಪರದೆಯ ಮೇಲೆ ಬರುವ ಸಂದೇಶ ಅರ್ಧ ಮಾತು. ಪೂರ್ತಿ ಮಾತು ಸರ್ವರಿನ ಎರರ್ ಲಾಗ್‌ನಲ್ಲಿರುತ್ತದೆ. ಉಬುಂಟುವಿನಲ್ಲಿ ಅಪಾಚೆ ಹಾಕಿದ್ದರೆ ‘ವಾರ್’ ಫೋಲ್ಡರಿನೊಳಗಿನ ‘ಲಾಗ್’ಗೆ ಹೋಗಿ, ಅಲ್ಲಿ ‘ಅಪಾಚೆ2’ ಎಂಬ ಫೋಲ್ಡರ್ ಇದೆ. ಒಂದು ಕಿಟಕಿಯಲ್ಲಿ ‘ಟೇಲ್’ ಆಜ್ಞೆಯಿಂದ ಆ ಲಾಗ್ ಓಡುತ್ತಿರಲಿ, ಇನ್ನೊಂದರಲ್ಲಿ ತಾಣವನ್ನು ತೆರೆಯಿರಿ. ತೆರೆದ ಕ್ಷಣದಲ್ಲಿ ಲಾಗ್‌ಗೆ ಬಂದು ಬೀಳುವ ಸಾಲೇ ನಿಮಗೆ ಬೇಕಾದದ್ದು. ಪರದೆ ಬರೀ ಬೆಳ್ಳಗೆ ಕಂಡರೆ ಕಾನ್ಫಿಗ್ ಫೈಲಿನಲ್ಲಿ ಡಬ್ಲ್ಯೂಪಿ-ಡೀಬಗ್ ಅನ್ನು ‘ಟ್ರೂ’ ಮಾಡಿ, ಕೆಲಸ ಮುಗಿದ ಮೇಲೆ ತಪ್ಪದೆ ‘ಫಾಲ್ಸ್’ ಮಾಡಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಮಾಡಿದ್ದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ.

ಹೊರಗಿನಿಂದ ಒಳಕ್ಕೆ

ತಾಣ ತೆರೆಯುವುದೇ ಇಲ್ಲವೆಂದರೆ ವರ್ಡ್‌ಪ್ರೆಸ್‌ವರೆಗೆ ಹೋಗಬೇಡಿ. ಡೊಮೈನ್‌ನ ‘ಎ’ ದಾಖಲೆ ನಿಮ್ಮ ಸರ್ವರಿನ ಐಪಿಯನ್ನೇ ತೋರಿಸುತ್ತಿದೆಯೇ? 80 ಮತ್ತು 443ನೇ ಪೋರ್ಟ್ ತೆರೆದಿವೆಯೇ? ಪೋರ್ಟನ್ನು ಎರಡು ಕಡೆ ತೆರೆಯಬೇಕಾಗಬಹುದು: ಸರ್ವರಿನ ಫೈರ್‌ವಾಲ್‌ನಲ್ಲಿ ಒಮ್ಮೆ, ಬಾಡಿಗೆ ಕೊಟ್ಟ ಕಂಪನಿಯ ಪ್ಯಾನೆಲ್‌ನಲ್ಲಿ ಇನ್ನೊಮ್ಮೆ. ಮುದ್ದೇಬಿಹಾಳದ ಮನೆಯಲ್ಲೇ ಹಳೆ ಕಂಪ್ಯೂಟರನ್ನು ಸರ್ವರ್ ಮಾಡಿಕೊಂಡವರಿಗೆ ಮತ್ತೊಂದು ತೊಡಕು ಬರಬಹುದು. ಮೊಬೈಲ್ ಡೇಟಾದಲ್ಲಿ, ಕೆಲವು ಬ್ರಾಡ್‌ಬ್ಯಾಂಡ್‌ಗಳಲ್ಲಿಯೂ, ಬಹಳ ಗ್ರಾಹಕರಿಗೆ ಸೇರಿ ಒಂದೇ ಹೊರಗಿನ ಐಪಿ ಇರುತ್ತದೆ. ಹಾಗಿದ್ದಾಗ ರೂಟರಿನಲ್ಲಿ ಏನು ಬದಲಿಸಿದರೂ ಹೊರಗಿನವರು ನಿಮ್ಮ ಯಂತ್ರವನ್ನು ಮುಟ್ಟಲಾರರು. ಸ್ಥಿರ ಐಪಿ ಕೇಳಿ ಪಡೆಯಬೇಕು, ಇಲ್ಲವೇ ಬಾಡಿಗೆ ಸರ್ವರಿಗೆ ಹೋಗಬೇಕು.

ಅಪಾಚೆಯ ಸ್ವಾಗತ ಪುಟವೇ ಕಾಣುತ್ತಿದ್ದರೆ ಹಳೆಯ ಇಂಡೆಕ್ಸ್ ಡಾಟ್ ಎಚ್‌ಟಿಎಂಎಲ್ ಫೈಲ್ ಅಲ್ಲೇ ಕುಳಿತಿರಬೇಕು, ಅದರ ಹೆಸರು ಬದಲಿಸಿ. ಪುಟದ ಬದಲು ಪಿಎಚ್‌ಪಿ ಕೋಡ್ ಕಂಡರೆ ಅಪಾಚೆಗೂ ಪಿಎಚ್‌ಪಿಗೂ ಸಂಪರ್ಕವಾಗಿಲ್ಲ, ಅಪಾಚೆಯ ಪಿಎಚ್‌ಪಿ ಮಾಡ್ಯೂಲ್ ಹಾಕಿ. ಮೈಎಸ್‌ಕ್ಯೂಎಲ್ ಎಕ್ಸ್‌ಟೆನ್ಷನ್ ಇಲ್ಲ ಎಂದರೆ ‘ಪಿಎಚ್‌ಪಿ-ಮೈಎಸ್‌ಕ್ಯೂಎಲ್’ ಪ್ಯಾಕೇಜ್ ಹಾಕಿ ಅಪಾಚೆಯನ್ನು ರೀಸ್ಟಾರ್ಟ್ ಮಾಡಿ. ಪಿಎಚ್‌ಪಿ 8.3, ಜೊತೆಗೆ ಮಾರಿಯಾಡಿಬಿ 10.6 ಅಥವಾ ಮೈಎಸ್‌ಕ್ಯೂಎಲ್ 8.0 ಇದ್ದರೆ ಆವೃತ್ತಿಯ ಚಿಂತೆ ಇರುವುದಿಲ್ಲ.

ಡೇಟಾಬೇಸ್ ಸಂಪರ್ಕ

ಹೆಚ್ಚು ಜನ ಸಿಕ್ಕಿಬೀಳುವುದು ಇಲ್ಲಿಯೇ. ಕಾನ್ಫಿಗ್ ಫೈಲಿನಲ್ಲಿರುವ ಬಳಕೆದಾರ ಹೆಸರು, ಪಾಸ್‌ವರ್ಡ್ ಹಾಕಿ ಟರ್ಮಿನಲ್‌ನಿಂದ ನೇರವಾಗಿ ಡೇಟಾಬೇಸ್‌ಗೆ ಲಾಗಿನ್ ಆಗಿ ನೋಡಿ. ಅಲ್ಲಿಯೂ ಬಿಡದಿದ್ದರೆ ತಪ್ಪು ವರ್ಡ್‌ಪ್ರೆಸ್‌ನದಲ್ಲ. ಅಲ್ಲಿ ಬಿಟ್ಟು ವರ್ಡ್‌ಪ್ರೆಸ್‌ನಲ್ಲಿ ಮಾತ್ರ ಬಿಡದಿದ್ದರೆ ಫೈಲಿನ ಉದ್ಧರಣ ಚಿಹ್ನೆಗಳನ್ನು ನೋಡಿ. ವರ್ಡ್‌ನಲ್ಲಿ ಬರೆದಿಟ್ಟದ್ದನ್ನು ಅಂಟಿಸಿದರೆ ನೇರ ಚಿಹ್ನೆಗಳು ಬಾಗಿದ ಚಿಹ್ನೆಗಳಾಗಿರುತ್ತವೆ, ಪಿಎಚ್‌ಪಿಗೆ ಅವು ತಿಳಿಯುವುದಿಲ್ಲ.

ನಿನ್ನೆ ಚೆನ್ನಾಗಿದ್ದ ತಾಣ ಇಂದು ಇದೇ ಎರರ್ ಕೊಟ್ಟರೆ ಮೆಮೊರಿ ನೋಡಿ. 1 ಜಿಬಿಯ ಅಗ್ಗದ ಸರ್ವರಿನಲ್ಲಿ ಜಾಗ ಸಾಲದಾದಾಗ ಲಿನಕ್ಸ್ ಹೆಚ್ಚು ಮೆಮೊರಿ ತಿನ್ನುವ ಕೆಲಸವನ್ನು ಕೊಲ್ಲುತ್ತದೆ, ಎಷ್ಟೋ ಸಲ ಅದು ಡೇಟಾಬೇಸೇ ಆಗಿರುತ್ತದೆ. ಸಿಸ್ಟಮ್ ಲಾಗ್‌ನಲ್ಲಿ ‘ಔಟ್ ಆಫ್ ಮೆಮೊರಿ’ ಎಂದು ಹುಡುಕಿ. ಸಿಕ್ಕರೆ 2 ಜಿಬಿ ಸ್ವಾಪ್ ಫೈಲ್ ಮಾಡಿ.

ಲೈನ್ ಕಡಿದರೆ

ಇಂಡಿ ಭಾಗದ ಲಿಂಬೆ ಬೆಳೆಗಾರ ಹುಡುಗರು ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಸರ್ವರಿಗೆ ಪ್ಯಾಕೇಜ್ ಹಾಕುತ್ತಿದ್ದಾಗ ನಡುವೆ ಸಂಪರ್ಕ ಕಡಿದು, ಆಮೇಲೆ ಯಾವ ಪ್ಯಾಕೇಜೂ ಇಳಿಯದಾಯಿತು. ಅರ್ಧಕ್ಕೆ ನಿಂತ ಕೆಲಸವನ್ನು ಮುಗಿಸಲು ‘ಡಿಪಿಕೆಜಿ’ ಆಜ್ಞೆಗೆ ‘ಕಾನ್ಫಿಗರ್’ ಆಯ್ಕೆ ಇದೆ, ಅದರಿಂದಲೇ ಸರಿಹೋಯಿತು. ಲಾಗಿನ್ ಆದ ಕೂಡಲೇ ‘ಟೀಮಕ್ಸ್’ ತೆರೆದು ಅದರೊಳಗೆ ಕೆಲಸ ಮಾಡಿದರೆ ನಿಮ್ಮ ಲೈನ್ ಕಡಿದರೂ ಸರ್ವರಿನಲ್ಲಿ ಕೆಲಸ ಮುಂದುವರಿಯುತ್ತದೆ. ವರ್ಡ್‌ಪ್ರೆಸ್ ಫೈಲುಗಳನ್ನು ಊರಿನಿಂದ ಅಪ್‌ಲೋಡ್ ಮಾಡಬೇಡಿ, ಸರ್ವರಿಗೇ ನೇರವಾಗಿ ಇಳಿಸಿ. ಯಾವುದಾದರೂ ಫೈಲ್ ಕೆಟ್ಟಿದೆ ಎಂಬ ಅನುಮಾನ ಬಂದರೆ ಡಬ್ಲ್ಯೂಪಿ-ಸಿಎಲ್‌ಐನ ಚೆಕ್‌ಸಮ್ ಪರೀಕ್ಷೆ ಅದನ್ನು ಹೆಸರು ಸಮೇತ ಹೇಳುತ್ತದೆ.

ಕನ್ನಡ ಕೆಟ್ಟರೆ

ಬಸವನ ಬಾಗೇವಾಡಿಯಲ್ಲಿ ವಚನಗಳನ್ನು ವರ್ಷಗಟ್ಟಲೆ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿಟ್ಟವರು, ತಾಣಕ್ಕೆ ಹಾಕಿದಾಗ ಅಕ್ಷರ ಒಡೆದದ್ದನ್ನು ಕಂಡು ಸರ್ವರನ್ನೇ ಅಳಿಸಲು ಹೊರಟಿದ್ದರು. ಕೆಟ್ಟ ರೀತಿಯನ್ನು ಮೊದಲು ಗುರುತಿಸಿ. ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಗೊಂದಲವಿದ್ದು, ಹಳೆ ನುಡಿ ಫಾಂಟ್ ಕೊಟ್ಟರೆ ಸರಿ ಕಾಣುತ್ತಿದ್ದರೆ ಅದು ಯೂನಿಕೋಡ್ ಅಲ್ಲ. ಪರಿವರ್ತಕದಲ್ಲಿ ಹಾಕಿ ತೆಗೆದರೆ ಸಾಕು. ಬದಲಿಗೆ ಸಾಲಿನ ತುಂಬ ತಲೆಯ ಮೇಲೆ ಗೀಟಿರುವ ಇಂಗ್ಲಿಷ್ ‘ಎ’, ಅದರ ಪಕ್ಕದಲ್ಲೇ ಮೇಲಕ್ಕೆ ಏರಿಸಿದ ಚಿಕ್ಕ 2 ಅಥವಾ 3 ಮತ್ತೆ ಮತ್ತೆ ಬಂದರೆ, ಅದು ಯೂನಿಕೋಡ್ ಕನ್ನಡವೇ. ಡೇಟಾಬೇಸ್ ಅದನ್ನು ಲ್ಯಾಟಿನ್ ಎಂದು ತಪ್ಪಾಗಿ ಓದುತ್ತಿದೆ, ಸರಿಯಾದ ಕ್ಯಾರೆಕ್ಟರ್ ಸೆಟ್‌ನಿಂದ ಮರಳಿ ಪಡೆಯಬಹುದು. ಬರೀ ಪ್ರಶ್ನಾರ್ಥಕ ಚಿಹ್ನೆಗಳೇ ಸೇವ್ ಆಗಿದ್ದರೆ ಮಾತ್ರ ಆ ಬರಹ ಹೋಯಿತು. ಮೂಲ ಪ್ರತಿಯಿಂದ ಮತ್ತೆ ಹಾಕಬೇಕು. ಹೀಗಾಗದಂತೆ ಡೇಟಾಬೇಸ್ ಮಾಡುವಾಗಲೇ ‘ಯುಟಿಎಫ್8ಎಂಬಿ4’ ಆರಿಸಿಕೊಳ್ಳಿ.

ಉಳಿದವು

ಪ್ಲಗಿನ್ ಹಾಕುವಾಗ ಎಫ್‌ಟಿಪಿ ವಿವರ ಕೇಳಿದರೆ ಫೈಲುಗಳ ಒಡೆತನ ತಪ್ಪಿದೆ ಎಂದು ತಿಳಿಯಿರಿ. ಉಬುಂಟುವಿನಲ್ಲಿ ಒಡೆಯ ‘ಡಬ್ಲ್ಯೂಡಬ್ಲ್ಯೂಡಬ್ಲ್ಯೂ-ಡೇಟಾ’, ಫೋಲ್ಡರಿಗೆ 755, ಫೈಲಿಗೆ 644. ಯಾರೇ ಹೇಳಿದರೂ 777 ಕೊಡಬೇಡಿ. ಮುಖಪುಟ ಬಂದು ಒಳಪುಟಗಳಿಗೆ 404 ಬಂದರೆ ಅಪಾಚೆಯ ರೀರೈಟ್ ಮಾಡ್ಯೂಲ್ ಮತ್ತು ‘ಅಲೋ ಓವರ್‌ರೈಡ್’ ನೋಡಿ. ಲೆಟ್ಸ್ ಎನ್‌ಕ್ರಿಪ್ಟ್ ಪ್ರಮಾಣಪತ್ರ ಸಿಗದಿದ್ದರೆ ಮತ್ತೆ ಮತ್ತೆ ಒತ್ತಬೇಡಿ, ಗಂಟೆಗೆ ಐದು ಸಲ ವಿಫಲವಾದರೆ ಅದು ತಡೆಯುತ್ತದೆ. ಮೊದಲು ಡೊಮೈನ್ ಸರಿಪಡಿಸಿ. ಹೆಸರು, ಪಾಸ್‌ವರ್ಡ್ ಕೇಳುವ ಅನುಸ್ಥಾಪನಾ ಪುಟವನ್ನು ತೆರೆದಿಟ್ಟು ಮಲಗಲೇಬೇಡಿ. ಯಾರು ಮೊದಲು ತುಂಬುತ್ತಾರೋ ಅವರೇ ತಾಣದ ಒಡೆಯರಾಗುತ್ತಾರೆ.

ತಾಣ ಎದ್ದ ಮೇಲೆ ಪರ್ಮಾಲಿಂಕ್ ಒಮ್ಮೆ ನೋಡಿ. ವರ್ಡ್‌ಪ್ರೆಸ್ ವಿಳಾಸದ ತುಣುಕಿಗೆ 200 ಸ್ಥಾನ ಇಟ್ಟಿದೆ, ಒಂದೊಂದು ಕನ್ನಡ ಅಕ್ಷರಕ್ಕೂ, ಕಾಗುಣಿತದ ಚಿಹ್ನೆಗೂ ಒಂಬತ್ತು ಸ್ಥಾನ ಬೇಕು. ‘ಬಸವನ ಬಾಗೇವಾಡಿ ಮುದ್ದೇಬಿಹಾಳ’ ಎಂದಷ್ಟೇ ಶೀರ್ಷಿಕೆ ಕೊಟ್ಟರೂ ವಿಳಾಸದಲ್ಲಿ ಕೊನೆಯ ‘ಳ’ ಬಿದ್ದುಹೋಗುತ್ತದೆ. ಪ್ರಕಟಿಸುವ ಮುಂಚೆಯೇ ಆ ತುಣುಕನ್ನು ಕೈಯಾರೆ ಚಿಕ್ಕದು ಮಾಡಿ.